ಉಸಿರಿನ ಬಿಸಿಯೂ ತೇವವೂ: ಜೆಫ್ರೀಸನ ರೆಸ್ಪಿರೇಟರಿನಿಂದ ಕೃತಕ ನಾಸಿಕದವರೆಗೆ

ವೈದ್ಯವಿಜ್ಞಾನದ ಚರಿತ್ರೆಯನ್ನು ಬರೆಯುವವರು ರೋಗಾಣುಗಳ ಶೋಧ, ಔಷಧಗಳ ಸಿದ್ಧಿ, ಶಸ್ತ್ರಚಿಕಿತ್ಸೆಯ ಪ್ರಗತಿ ಮೊದಲಾದ ದೊಡ್ಡ ಘಟನೆಗಳಿಗೆ ಪ್ರಾಧಾನ್ಯ ಕೊಡುವುದು ವಾಡಿಕೆ. ರೋಗಿಯ ಹಾಸಿಗೆಯ ಬಳಿ ನಿತ್ಯವೂ ಬಳಕೆಯಾಗುವ ಸಣ್ಣ ಉಪಕರಣಗಳ ಚರಿತ್ರೆ ಅಷ್ಟಾಗಿ ಅವರ ಗಮನವನ್ನು ಸೆಳೆದಿಲ್ಲ. ಇಂದು ಯಾವುದೇ ದೊಡ್ಡ ಶಸ್ತ್ರಕ್ರಿಯಾಗಾರವನ್ನು ಹೊಕ್ಕು ನೋಡಿದರೆ, ಅರಿವಳಿಕೆ ಪಡೆದ ರೋಗಿಯ ಶ್ವಾಸನಾಳದಲ್ಲಿರುವ ನಳಿಕೆಗೂ ಯಂತ್ರದಿಂದ ಬರುವ ಕೊಳವೆಗೂ ನಡುವೆ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಒಂದು ಪ್ಲಾಸ್ಟಿಕ್ ಕರಡಿಗೆಯನ್ನು ಜೋಡಿಸಿರುವುದು ಕಾಣುತ್ತದೆ. ಅದರಲ್ಲಿ ಚಲಿಸುವ ಭಾಗಗಳಿಲ್ಲ. ಅದಕ್ಕೆ ವಿದ್ಯುತ್ತೂ ಬೇಡ, ನೀರೂ ಬೇಡ. ರೋಗಿ ಹೊರಬಿಟ್ಟ ಉಸಿರಿನ ಶಾಖವನ್ನೂ ತೇವವನ್ನೂ ಹಿಡಿದಿಟ್ಟುಕೊಂಡು, ಮುಂದಿನ ಉಸಿರು ಒಳಹೋಗುವಾಗ ಅವುಗಳನ್ನು ಮರಳಿ ಕೊಡುವುದೇ ಅದರ ಕೆಲಸ. ಅದರಲ್ಲಿ ಶೋಧಕ ಪೊರೆಯೂ ಇದ್ದರೆ ರೋಗಾಣುಗಳನ್ನು ತಡೆಯುವ ಕೆಲಸವನ್ನೂ ಅದು ಮಾಡುತ್ತದೆ. ವೈದ್ಯರು ಇದನ್ನು ಉಷ್ಣ-ಆರ್ದ್ರತಾ ವಿನಿಮಯಕವೆಂದೂ ಸರಳವಾಗಿ ಕೃತಕ ನಾಸಿಕವೆಂದೂ ಕರೆಯುತ್ತಾರೆ.

ಈ ಉಪಕರಣದ ಮೂಲತತ್ತ್ವ 1836ರಲ್ಲಿಯೇ ಇಂಗ್ಲೆಂಡಿನಲ್ಲಿ ಸ್ಪಷ್ಟವಾಗಿ ನಿರೂಪಿತವಾಗಿ, ಉಪಕರಣದ ರೂಪವನ್ನೂ ತಾಳಿತ್ತು. ಆದರೂ ಆಸ್ಪತ್ರೆಯ ಚಿಕಿತ್ಸೆಯಲ್ಲಿ ಅದಕ್ಕೆ ಸ್ಥಾನ ದೊರೆತದ್ದು 1960ರ ಸುಮಾರಿಗೆ. ಅಂದರೆ ಒಂದೂಕಾಲು ಶತಮಾನದ ತರುವಾಯ. ಈ ವಿಳಂಬಕ್ಕೆ ಕಾರಣವೇನೆಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಭೌತಶಾಸ್ತ್ರದ ದೃಷ್ಟಿಯಿಂದ ನಿರ್ದುಷ್ಟವಾದ ಒಂದು ಉಪಾಯ ರೋಗದ ಬಗೆಗಿನ ತಪ್ಪು ಕಲ್ಪನೆಯೊಂದರ ಆಶ್ರಯದಲ್ಲಿ ಬೆಳೆದು, ಆ ಕಲ್ಪನೆ ಬಿದ್ದಾಗ ಅದರೊಡನೆ ತಾನೂ ಮರೆಯಾಯಿತು ಎಂಬುದು ಇಲ್ಲಿ ಪ್ರತಿಪಾದಿಸುವ ಅಭಿಪ್ರಾಯ.

1. ನಾಸಿಕದ ಕಾರ್ಯ

ಮೊದಲು ಮೂಗು ಮಾಡುವ ಕೆಲಸವನ್ನು ಲೆಕ್ಕದ ಮೂಲಕ ನೋಡುವುದು ಉಚಿತ. 22 ಸೆಂಟಿಗ್ರೇಡ್ ಉಷ್ಣತೆಯ, ಶೇಕಡಾ 50 ಆರ್ದ್ರತೆಯ ಕೋಣೆಯ ಗಾಳಿಯಲ್ಲಿ ಪ್ರತಿ ಲೀಟರಿಗೆ ಸುಮಾರು 10 ಮಿಲಿಗ್ರಾಂ ನೀರಾವಿ ಇರುತ್ತದೆ. ಶ್ವಾಸಕೋಶದ ಆಳದಲ್ಲಿರುವ ಗಾಳಿ 37 ಸೆಂಟಿಗ್ರೇಡಿನಷ್ಟು ಬೆಚ್ಚಗಿದ್ದು ಆವಿಯಿಂದ ಪೂರ್ಣವಾಗಿ ತುಂಬಿರುತ್ತದೆ. ಅದರ ಪ್ರತಿ ಲೀಟರಿನಲ್ಲಿ ಸುಮಾರು 44 ಮಿಲಿಗ್ರಾಂ ನೀರಾವಿ ಇರುತ್ತದೆ. ಹೀಗೆ ಒಳಗೆಳೆದ ಪ್ರತಿ ಲೀಟರ್ ಗಾಳಿಗೂ ದೇಹ 34 ಮಿಲಿಗ್ರಾಂ ನೀರನ್ನು ಕೊಡಬೇಕಾಗುತ್ತದೆ. ನೀರನ್ನು ಆವಿಯಾಗಿಸಲು ತಗಲುವ ಗುಪ್ತೋಷ್ಣವೇ ಇಲ್ಲಿ ವ್ಯಯವಾಗುವ ಉಷ್ಣದಲ್ಲಿ ದೊಡ್ಡ ಪಾಲು; ಗಾಳಿಯನ್ನು ಬಿಸಿಮಾಡುವುದಕ್ಕೆ ತಗಲುವ ಉಷ್ಣ ಅದರ ಮುಂದೆ ಅಲ್ಪ.

ಮೂಗಿನೊಳಗಿನ ಸುರುಳಿಯಾಕಾರದ ಮೂಳೆಗಳ ಮೇಲೆ ಹರಡಿಕೊಂಡಿರುವ ಒದ್ದೆಯಾದ ಲೋಳೆಪೊರೆ ಈ ಕೊಡುಗೆಯ ಬಹುಭಾಗವನ್ನು ಪೂರೈಸುತ್ತದೆ. ಕೊಡುವಾಗ ಪೊರೆ ತಾನು ತಣ್ಣಗಾಗುತ್ತದೆ. ಆ ತಣ್ಣನೆಯ ಪೊರೆಯ ಮೇಲೆ ಹಾದು ಹೊರಡುವ ಬೆಚ್ಚನೆಯ ಉಸಿರು ತನ್ನ ಶಾಖವನ್ನೂ ಆವಿಯನ್ನೂ ಭಾಗಶಃ ಅಲ್ಲಿಯೇ ಬಿಟ್ಟುಹೋಗುತ್ತದೆ. ಮೂಗಿನಿಂದ ಹೊರಬರುವ ಉಸಿರಿನ ಉಷ್ಣತೆ ಹೀಗೆ 32 ಸೆಂಟಿಗ್ರೇಡಿನ ಆಸುಪಾಸಿಗೆ ಇಳಿಯುತ್ತದೆ. ಆ ಉಷ್ಣತೆಯ ಗಾಳಿ ಲೀಟರಿಗೆ ಸುಮಾರು 34 ಮಿಲಿಗ್ರಾಂ ಆವಿಯನ್ನು ಮಾತ್ರ ಹೊರಬಲ್ಲದು. ನಿಮಿಷಕ್ಕೆ 7 ಲೀಟರಿನಂತೆ ದಿನವಿಡೀ ಉಸಿರಾಡುವ ಮನುಷ್ಯನನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಮೂಗಿನ ಮೂಲಕ ಉಸಿರಾಡುವಾಗ ಅವನು ಸುಮಾರು 240 ಗ್ರಾಂ ನೀರನ್ನು ಕಳೆದುಕೊಳ್ಳುತ್ತಾನೆ. ಮೂಗನ್ನು ಬಿಟ್ಟು ಕಂಠದ ನಳಿಕೆಯಿಂದಲೇ ಉಸಿರಾಡಿದರೆ ಈ ನಷ್ಟ 340 ಗ್ರಾಮಿಗೆ ಏರುತ್ತದೆ.

ನೀರಿನ ಮೊತ್ತಕ್ಕಿಂತಲೂ ಅದು ಯಾವ ಸ್ಥಳದಿಂದ ಹೋಗುತ್ತದೆಂಬುದು ಹೆಚ್ಚು ಮಹತ್ತ್ವದ್ದು. ಮೂಗನ್ನು ದಾಟಿ ನೇರವಾಗಿ ಶ್ವಾಸನಾಳಕ್ಕೆ ಹೊಕ್ಕ ಒಣ ಗಾಳಿ ಅಲ್ಲಿಯ ಲೋಳೆಯ ತೇವವನ್ನು ಹೀರುತ್ತದೆ. ಲೋಳೆ ಗಟ್ಟಿಯಾಗುತ್ತದೆ, ಅದನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮರೋಮಗಳ ಚಲನೆ ಕುಂಠಿತವಾಗುತ್ತದೆ, ಕೊನೆಗೆ ಒಣಗಿದ ಹಕ್ಕಳೆಗಳು ನಳಿಕೆಯನ್ನೇ ಮುಚ್ಚಿಬಿಡಬಹುದು. ಮೂಗು ಇದ್ದಷ್ಟು ಕಾಲ ಅದರ ಈ ಸೇವೆ ಯಾರ ಗಮನಕ್ಕೂ ಬರುವುದಿಲ್ಲ. ಅದನ್ನು ಬದಿಗಿರಿಸಿ ಉಸಿರಾಡಿಸುವ ಸಂದರ್ಭ ಒದಗಿದಾಗಲೇ ವೈದ್ಯರು ಅದರ ಬೆಲೆಯನ್ನು ಅರಿತರು.

2. ಜೂಲಿಯಸ್ ಜೆಫ್ರೀಸ್

ಜೂಲಿಯಸ್ ಜೆಫ್ರೀಸ್ 1800ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದನು. ವೈದ್ಯಶಿಕ್ಷಣವನ್ನು ಮುಗಿಸಿ 1822ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ವೈದ್ಯಸೇವೆಗೆ ಸೇರಿ ಭಾರತಕ್ಕೆ ಬಂದನು. ಕಾನ್ಪುರದಲ್ಲಿ ಶಸ್ತ್ರವೈದ್ಯನಾಗಿ ಕೆಲಸ ಮಾಡಿದನು. ಬಯಲುಸೀಮೆಯ ಬೇಗೆಯಲ್ಲಿ ನರಳುವ ಯೂರೋಪಿಯನ್ ರೋಗಿಗಳಿಗೆ ಹಿಮಾಲಯದ ತಪ್ಪಲಿನ ಎತ್ತರದ ಪ್ರದೇಶಗಳು ಹಿತಕರವೆಂದು ಆರಂಭದಲ್ಲಿಯೇ ವಾದಿಸಿದವರಲ್ಲಿ ಆತನೂ ಒಬ್ಬನು. ಗಾಳಿಯ ಉಷ್ಣತೆಗೂ ದೇಹಾರೋಗ್ಯಕ್ಕೂ ಇರುವ ಸಂಬಂಧ ಆತನ ಜೀವಮಾನದ ಚಿಂತನೆಯಾಯಿತು. 1858ರಲ್ಲಿ ಭಾರತದಲ್ಲಿನ ಬ್ರಿಟಿಷ್ ಸೈನ್ಯದ ಉಡುಪು, ವಸತಿಗಳ ಬಗ್ಗೆ ಆತನು ಪ್ರಕಟಿಸಿದ ಗ್ರಂಥವೂ ಇದೇ ಚಿಂತನೆಯ ಫಲ. ಭಾರತದಲ್ಲಿ ಬಿಸಿಗಾಳಿಯಿಂದ ಪಾರಾಗುವುದು ಹೇಗೆಂಬ ಪ್ರಶ್ನೆ ಆತನನ್ನು ಕಾಡಿದ್ದರೆ, 1835ರಲ್ಲಿ ಸ್ವದೇಶಕ್ಕೆ ಮರಳಿದ ಮೇಲೆ ಚಳಿಗಾಳಿಯ ಪ್ರಶ್ನೆ ಎದುರಾಯಿತು. ಇಂಗ್ಲೆಂಡಿನ ಚಳಿಗಾಲದಲ್ಲಿ ಕೆಮ್ಮು, ಉಬ್ಬಸ, ಕ್ಷಯಗಳಿಂದ ಪೀಡಿತರಾದವರು ತಿಂಗಳುಗಟ್ಟಲೆ ಮನೆಯೊಳಗೇ ಉಳಿಯಬೇಕಾಗಿತ್ತು. ಅನುಕೂಲಸ್ಥರು ಮಾತ್ರ ದಕ್ಷಿಣದ ಬೆಚ್ಚನೆಯ ದೇಶಗಳಿಗೆ ಹೋಗಬಲ್ಲವರಾಗಿದ್ದರು.

1836ರಲ್ಲಿ ಜೆಫ್ರೀಸನು ಪೇಟೆಂಟ್ ಪಡೆದ ಸಾಧನಕ್ಕೆ ರೆಸ್ಪಿರೇಟರ್ ಎಂದು ಹೆಸರಿಟ್ಟನು. ನವುರಾದ ಲೋಹದ ತಂತಿಗಳನ್ನು ಚೌಕಟ್ಟಿನಲ್ಲಿ ಒತ್ತಾಗಿ ಹೂಡಿ, ಅಂಥ ಜಾಲರಿಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿ, ಇಡೀ ಸಾಧನವನ್ನು ಬಾಯಿಯ ಮುಂದೆ ಕಟ್ಟಿಕೊಳ್ಳುವಂತೆ ಮಾಡಲಾಗಿತ್ತು. ಹೊರಬರುವ ಬೆಚ್ಚನೆಯ ಉಸಿರು ತಂತಿಗಳ ನಡುವೆ ಹಾಯುವಾಗ ಅವುಗಳನ್ನು ಕಾಯಿಸುತ್ತದೆ. ಅದರ ಆವಿ ತಂತಿಗಳ ಮೇಲೆ ತೆಳುವಾದ ಪಸೆಯಾಗಿ ನಿಲ್ಲುತ್ತದೆ. ಒಳಗೆಳೆಯುವ ತಣ್ಣನೆಯ ಗಾಳಿ ಅದೇ ದಾರಿಯಲ್ಲಿ ಬರುತ್ತ ಈ ಶಾಖವನ್ನೂ ಪಸೆಯನ್ನೂ ಹೊತ್ತು ಒಳಕ್ಕೆ ಹೋಗುತ್ತದೆ. ಹೊರಗಿನಿಂದ ಉರುವಲಾಗಲಿ ನೀರಾಗಲಿ ಬೇಕಿಲ್ಲ. ದೇಹ ವೆಚ್ಚ ಮಾಡಿದ್ದನ್ನು ದೇಹಕ್ಕೇ ಹಿಂದಿರುಗಿಸುವ ವ್ಯವಸ್ಥೆ ಅದು.

ಈ ಆಲೋಚನೆ ಆ ಕಾಲದ ಯಂತ್ರಶಾಸ್ತ್ರಕ್ಕೆ ಅಪರಿಚಿತವಾಗಿರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಸ್ಟರ್ಲಿಂಗ್ 1816ರಲ್ಲಿ ಪೇಟೆಂಟ್ ಪಡೆದ ಬಿಸಿಗಾಳಿಯ ಯಂತ್ರದಲ್ಲಿ, ಕಾದ ಗಾಳಿ ಒಂದು ದಿಕ್ಕಿಗೆ ಹೋಗುವಾಗ ದಾರಿಯಲ್ಲಿ ಬಿಟ್ಟ ಉಷ್ಣವನ್ನು ಅದು ಹಿಂದಿರುಗುವಾಗ ಮತ್ತೆ ಪಡೆದುಕೊಳ್ಳುವ ಏರ್ಪಾಡಿತ್ತು. ಯಂತ್ರದಲ್ಲಿ ಇಂಧನದ ಉಳಿತಾಯಕ್ಕೆ ಬಳಕೆಯಾದ ತತ್ತ್ವವೇ ಉಸಿರಿನ ಉಳಿತಾಯಕ್ಕೂ ಸಲ್ಲುತ್ತದೆಂದು ಕಂಡುಕೊಂಡದ್ದರಲ್ಲಿ ಜೆಫ್ರೀಸನ ಪ್ರತಿಭೆ ಇದೆ.

ಆತನು ಕೇವಲ ಉಪಕರಣ ತಯಾರಕನಾಗಿರಲಿಲ್ಲ. 1840ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯನಾದನು. 1843ರಲ್ಲಿ ಪ್ರಕಟವಾದ ಆತನ ಗ್ರಂಥ ಎದೆಗೂಡಿನ ಸ್ಥಿತಿ, ಪ್ರಾಣಿದೇಹದ ಉಷ್ಣ ಮೊದಲಾದ ವಿಷಯಗಳನ್ನು ಕುರಿತದ್ದು. ಎಷ್ಟು ಬಲವಾಗಿ ಉಸಿರುಬಿಟ್ಟರೂ ಶ್ವಾಸಕೋಶದಲ್ಲಿ ಉಳಿಯುವ ಗಾಳಿ, ಸಹಜ ಉಸಿರಿನಲ್ಲಿ ಹೋಗಿಬರುವ ಗಾಳಿ ಎಂಬ ವಿಂಗಡಣೆಯನ್ನು ಅದರಲ್ಲಿ ಕಾಣುತ್ತೇವೆ. ತೇವಗೊಳಿಸಿದ ಬೆಚ್ಚನೆಯ ಗಾಳಿಯನ್ನು ಉಸಿರಾಡಿಸಲು ಆತನು ರೂಪಿಸಿದ ಮತ್ತೊಂದು ಪಾತ್ರೆ, 1847ರಲ್ಲಿ ಜಾನ್ ಸ್ನೋ ರಚಿಸಿದ ಈಥರ್ ಆಘ್ರಾಣಯಂತ್ರಕ್ಕೆ ಮಾದರಿಯಾಯಿತು. ಅರಿವಳಿಕೆಶಾಸ್ತ್ರದ ಆರಂಭಕಾಲದಲ್ಲಿಯೇ ಜೆಫ್ರೀಸನ ಪ್ರಭಾವ ಹೀಗೆ ಪರೋಕ್ಷವಾಗಿ ಸೇರಿಕೊಂಡಿತು.

3. ಒಂದೇ ಹೆಸರು, ಎರಡು ಉದ್ದೇಶ

ಜೆಫ್ರೀಸನ ರೆಸ್ಪಿರೇಟರ್ ಜನಪ್ರಿಯವಾಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿಯೂ ಅದರ ಮಾರಾಟವಿತ್ತು. ಆದರೆ ಅದರ ಕೀರ್ತಿ ನಿಂತಿದ್ದುದು ಎದೆಯ ರೋಗಿಗಳ, ಅದರಲ್ಲೂ ಕ್ಷಯರೋಗಿಗಳ, ಆಸೆಯ ಮೇಲೆ. ತಣ್ಣನೆಯ ಒಣಗಾಳಿ ಶ್ವಾಸಕೋಶವನ್ನು ಕೆರಳಿಸಿ ಕ್ಷಯವನ್ನು ಉಲ್ಬಣಗೊಳಿಸುತ್ತದೆಂಬ ನಂಬಿಕೆ ಅಂದು ಪ್ರಬಲವಾಗಿತ್ತು. 1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಪ್ರಕಟಪಡಿಸಿದ ಮೇಲೆ ಈ ನಂಬಿಕೆಯ ಬೇರು ಸಡಿಲವಾಯಿತು. ಅದೇ ಕಾಲಕ್ಕೆ ಚಿಕಿತ್ಸಾಧಾಮಗಳಲ್ಲಿ ರೋಗಿಗಳನ್ನು ಬೆಟ್ಟದ ತಣ್ಣನೆಯ ತೆರೆದ ಗಾಳಿಗೆ ಒಡ್ಡುವ ಪದ್ಧತಿ ಯೂರೋಪಿನಲ್ಲಿ ಹರಡುತ್ತಿತ್ತು. ತಂಗಾಳಿಯೇ ಔಷಧವೆನಿಸಿದಾಗ, ಅದನ್ನು ಬಿಸಿಮಾಡುವ ಸಾಧನಕ್ಕೆ ಯಾವ ಮನ್ನಣೆ ಉಳಿದೀತು?

ಇದರ ಜೊತೆಗೆ ರೆಸ್ಪಿರೇಟರ್ ಎಂಬ ಹೆಸರೇ ಬೇರೆ ಅರ್ಥದ ಕಡೆಗೆ ಜಾರಿತು. 1854ರಲ್ಲಿ ರಸಾಯನಶಾಸ್ತ್ರಜ್ಞ ಜಾನ್ ಸ್ಟೆನ್‌ಹೌಸ್ ಇದ್ದಿಲನ್ನು ತುಂಬಿದ ರೆಸ್ಪಿರೇಟರನ್ನು ರೂಪಿಸಿದನು. ಅದರ ಗುರಿ ಗಾಳಿಯಲ್ಲಿರುವ ವಿಷಾನಿಲಗಳನ್ನು ಹೀರುವುದು. 1870ರಲ್ಲಿ ಭೌತಶಾಸ್ತ್ರಜ್ಞ ಜಾನ್ ಟಿಂಡಲ್ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಧೂಳು ಮತ್ತು ರೋಗಗಳ ಸಂಬಂಧವನ್ನು ಕುರಿತು ಉಪನ್ಯಾಸ ಮಾಡಿದನು. ತೀಕ್ಷ್ಣವಾದ ಬೆಳಕಿನ ಕೋಲಿನಲ್ಲಿ ತೇಲುವ ಧೂಳನ್ನು ತೋರಿಸಿ, ಉಸಿರನ್ನು ಪೂರ್ಣವಾಗಿ ಹೊರಬಿಡುವಾಗ ಅದರ ಕೊನೆಯ ಭಾಗ ಆ ಬೆಳಕಿನಲ್ಲಿ ಕಪ್ಪಾಗಿ ಕಾಣುವುದನ್ನು, ಎಂದರೆ ಅದರಲ್ಲಿ ಧೂಳಿಲ್ಲದಿರುವುದನ್ನು, ಸಭಿಕರಿಗೆ ಪ್ರತ್ಯಕ್ಷಪಡಿಸಿದನು. ಅರಳೆಯ ಮೂಲಕ ಉಸಿರಾಡಿದರೆ ಧೂಳನ್ನೂ ಅದರೊಡನೆ ಬರುವ ರೋಗಬೀಜಗಳನ್ನೂ ತಡೆಯಬಹುದೆಂಬುದು ಆತನ ಸೂಚನೆ. ತರುವಾಯ ಬೆಂಕಿ ಆರಿಸುವವರಿಗಾಗಿ ಅರಳೆ, ಗ್ಲಿಸರಿನ್, ಇದ್ದಿಲುಗಳನ್ನು ಒಳಗೊಂಡ ರೆಸ್ಪಿರೇಟರನ್ನೂ ಆತನು ರಚಿಸಿದನು. ಹೀಗೆ ಉಸಿರಿಗೆ ಏನನ್ನೋ ಮರಳಿ ಕೊಡುವುದಕ್ಕಾಗಿ ಹುಟ್ಟಿದ ಹೆಸರು, ಉಸಿರಿನಿಂದ ಏನನ್ನೋ ಹೊರಗಿಡುವ ಸಾಧನಗಳ ಹೆಸರಾಯಿತು. ಮೊದಲನೆಯ ಮಹಾಯುದ್ಧದ ವಿಷಾನಿಲಗಳ ಕಾಲಕ್ಕೆ ಜೆಫ್ರೀಸನ ಅರ್ಥ ಬಹುಮಟ್ಟಿಗೆ ಅಳಿಸಿಹೋಗಿತ್ತು.

ಈ ಸಾಧನದ ನಿಜವಾದ ಅಗತ್ಯವಿದ್ದ ರೋಗಿಗಳು ಬೇರೆಡೆ ಇದ್ದರು. ಪ್ಯಾರಿಸ್ಸಿನ ವೈದ್ಯ ಆರ್ಮಾಂ ಟ್ರೂಸೊ 1830ರ ದಶಕದಿಂದ, ಡಿಫ್ತೀರಿಯದಿಂದ ಗಂಟಲು ಕಟ್ಟಿದ ಮಕ್ಕಳ ಶ್ವಾಸನಾಳಕ್ಕೆ ರಂಧ್ರ ಮಾಡಿ ಅವರನ್ನು ಉಳಿಸುವ ಶಸ್ತ್ರಕ್ರಿಯೆಯನ್ನು ಬಳಕೆಗೆ ತಂದನು. ಆ ಮಕ್ಕಳು ಮೂಗಿನ ಮೂಲಕ ಉಸಿರಾಡುತ್ತಿರಲಿಲ್ಲ. ಶಸ್ತ್ರಕ್ರಿಯೆಯ ನಂತರ ಕುತ್ತಿಗೆಯ ಸುತ್ತ ಉಣ್ಣೆಯ ಇಲ್ಲವೆ ತೆಳ್ಳನೆಯ ಅರಿವೆಯ ಪಟ್ಟಿಯನ್ನು ಸಡಿಲವಾಗಿ ಸುತ್ತಬೇಕೆಂದು ಟ್ರೂಸೊ ಒತ್ತಿ ಹೇಳಿದನು. ಮಗು ಬಟ್ಟೆಯೊಳಕ್ಕೆ ಉಸಿರುಬಿಟ್ಟು, ಅದೇ ಬಟ್ಟೆಯಿಂದ ಬೆಚ್ಚಗೂ ತೇವವಾಗಿಯೂ ಇರುವ ಗಾಳಿಯನ್ನು ಎಳೆದುಕೊಳ್ಳಬೇಕು. ಇಲ್ಲವಾದರೆ ಶ್ವಾಸನಾಳ ಒಣಗಿ ಹಕ್ಕಳೆ ಕಟ್ಟುತ್ತದೆ ಎಂಬುದು ಆತನ ಅನುಭವ. ಜೆಫ್ರೀಸನಿಗೆ ತತ್ತ್ವ ಗೊತ್ತಿತ್ತು. ಟ್ರೂಸೊವಿಗೆ ಅಗತ್ಯ ಗೊತ್ತಿತ್ತು. ಇವೆರಡೂ ಒಂದು ಆಸ್ಪತ್ರೆಯ ಸೂರಿನ ಕೆಳಗೆ ಸೇರುವುದಕ್ಕೆ ಇನ್ನೂ ನೂರು ವರ್ಷಗಳಿಗೂ ಹೆಚ್ಚು ಕಾಲ ಕಾಯಬೇಕಾಯಿತು.

4. ಅಗತ್ಯದ ಪುನರುದಯ

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಪಿಡುಗು ತಲೆದೋರಿತು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಉಸಿರಾಟದ ಸ್ನಾಯುಗಳು ಸೋತ ರೋಗಿಗಳಿಗಾಗಿ ಇದ್ದುದು ಒಂದು ಕಬ್ಬಿಣದ ಶ್ವಾಸಕೋಶ, ಎದೆಗೆ ತೊಡಿಸುವ ಆರು ಯಂತ್ರಗಳು. ಮೊದಲ ಮೂರು ವಾರಗಳಲ್ಲಿ ಯಂತ್ರಗಳಿಂದ ಚಿಕಿತ್ಸೆ ಪಡೆದ 31 ಮಂದಿಯಲ್ಲಿ 27 ಮಂದಿ ಮೃತಪಟ್ಟರು. ಆಗಸ್ಟ್ 27ರಂದು ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಹನ್ನೆರಡು ವಯಸ್ಸಿನ ಬಾಲಕಿಯೊಬ್ಬಳ ಶ್ವಾಸನಾಳಕ್ಕೆ ರಂಧ್ರ ಮಾಡಿಸಿ, ನಳಿಕೆಯನ್ನಿರಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತುತ್ತ ಉಸಿರಾಡಿಸಿದನು. ಮುಂದಿನ ತಿಂಗಳುಗಳಲ್ಲಿ ಸುಮಾರು 1500 ವಿದ್ಯಾರ್ಥಿಗಳು ಸರದಿಯ ಮೇಲೆ ಈ ಚೀಲಗಳನ್ನು ಒತ್ತಿದರು. ಮರಣಪ್ರಮಾಣ ಗಣನೀಯವಾಗಿ ಇಳಿಯಿತು. ಇಂದಿನ ತೀವ್ರನಿಗಾ ವಿಭಾಗದ ಚರಿತ್ರೆ ಅಲ್ಲಿಂದ ಆರಂಭವಾಗುತ್ತದೆಂದು ಹೇಳುವುದು ರೂಢಿ.

ಆದರೆ ಈ ವಿಜಯದೊಡನೆ ಹಳೆಯ ಸಮಸ್ಯೆ ಹಲವು ಪಟ್ಟು ದೊಡ್ಡದಾಗಿ ಮರಳಿತು. ಟ್ರೂಸೊವಿನ ಮಕ್ಕಳು ಕೋಣೆಯ ಗಾಳಿಯನ್ನು ಉಸಿರಾಡುತ್ತಿದ್ದರು. ಈ ಹೊಸ ರೋಗಿಗಳ ಉಸಿರು ಲೋಹದ ಉರುಳೆಗಳಿಂದ ಬರುತ್ತಿದ್ದ ಸಂಪೂರ್ಣ ಒಣ ಅನಿಲವನ್ನು ಒಳಗೊಂಡಿತ್ತು. ಮೂಗಿಲ್ಲದ ಉಸಿರಾಟ ಕೆಲವು ದಿನಗಳಲ್ಲ, ವಾರಗಳು, ತಿಂಗಳುಗಳ ಕಾಲ ನಡೆಯಬೇಕಾಗಿತ್ತು. 1953ರಲ್ಲಿ ಆಕ್ಸ್‌ಫರ್ಡಿನ ಮಾರ್ಷಲ್ ಮತ್ತು ಸ್ಪಾಲ್ಡಿಂಗ್ ಎಂಬ ವೈದ್ಯರು ಇಂಥ ರೋಗಿಗಳ ಉಸಿರಿಗೆ ತೇವ ಕೊಡುವ ವಿಷಯವನ್ನು ಕುರಿತು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಗಾಳಿಯನ್ನು ಬಿಸಿನೀರಿನ ಮೇಲೆ ಹಾಯಿಸಿ ಕಳಿಸುವ ವಿಧಾನ ಕ್ರಮೇಣ ರೂಢಿಗೆ ಬಂದಿತು. ಅದು ಪರಿಣಾಮಕಾರಿಯಾದರೂ ನಿರಪಾಯವಾಗಿರಲಿಲ್ಲ. ಕೊಳವೆಗಳಲ್ಲಿ ನೀರು ನಿಲ್ಲುವುದು, ಬಿಸಿ ಹೆಚ್ಚಾಗಿ ಶ್ವಾಸನಾಳ ಸುಡುವುದು, ಬೆಚ್ಚನೆಯ ನೀರಿನಲ್ಲಿ ರೋಗಾಣುಗಳು ಬೆಳೆಯುವುದು ಇವೆಲ್ಲ ಅದರ ದೋಷಗಳು. ಅಲ್ಲದೆ ಅದಕ್ಕೆ ವಿದ್ಯುತ್ತೂ ನಿರಂತರವಾದ ಮೇಲ್ವಿಚಾರಣೆಯೂ ಬೇಕಾಗಿದ್ದವು.

ಈ ಹಿನ್ನೆಲೆಯಲ್ಲಿ 1960ರಲ್ಲಿ ಸ್ವೀಡನ್ನಿನ ಟೋರೆಮಾಲ್ಮ್, ಶ್ವಾಸನಾಳದ ರಂಧ್ರವುಳ್ಳ ರೋಗಿಗಳಿಗಾಗಿ ಉಷ್ಣ-ಆರ್ದ್ರತಾ ವಿನಿಮಯಕವೊಂದನ್ನು ವರ್ಣಿಸಿದನು. 1963ರಲ್ಲಿ ಮೇಪಲ್‌ಸನ್, ಮಾರ್ಗನ್, ಹಿಲ್ಲಾರ್ಡ್ ಎಂಬ ಮೂವರು ಇಂಥ ಸಾಧನಗಳ ಸಾಮರ್ಥ್ಯವನ್ನು ಅಳೆದು, ಅನೇಕ ಜಾಲರಿ ಪದರಗಳುಳ್ಳ ಮಾದರಿಯೊಂದನ್ನು ವಿಶೇಷವಾಗಿ ಪರಿಶೀಲಿಸಿ, ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟಿಸಿದರು. ಜಾಲರಿಗಳ ಪದರಗಳೆಂಬ ಮಾತನ್ನು ಓದಿದೊಡನೆ 1836ರ ಪೇಟೆಂಟ್ ನೆನಪಾಗದಿರದು. ಇವೇ ವರ್ಷಗಳಲ್ಲಿ ಪ್ರಾಣಿಶಾಸ್ತ್ರಜ್ಞರೂ ಇದೇ ತತ್ತ್ವದ ಬಳಿಗೆ ಬಂದರು. ಮರುಭೂಮಿಯ ಕಾಂಗರೂ ಇಲಿಯ ಮೂಗಿನಲ್ಲಿ ನಡೆಯುವ ಉಷ್ಣವಿನಿಮಯವನ್ನು 1964ರಲ್ಲಿ ಜ್ಯಾಕ್ಸನ್ ಮತ್ತು ಶ್ಮಿಟ್-ನೀಲ್ಸನ್ ವಿವರಿಸಿದರು. ಒಣಹವೆಯಲ್ಲಿ ಆ ಇಲಿ ಹೊರಬಿಡುವ ಉಸಿರು ಸುತ್ತಲಿನ ಗಾಳಿಗಿಂತಲೂ ತಣ್ಣಗಿರುತ್ತದೆಂದು ತಿಳಿದುಬಂದಿತು.

5. ಧಾರೆಗಳ ಸಂಗಮ

ಲೋಹದ ಜಾಲರಿಗಳಿಗೆ ಕೆಲವು ಮಿತಿಗಳಿದ್ದವು. ಅವು ಭಾರವಾಗಿದ್ದವು, ಪ್ರತಿಬಾರಿ ತೊಳೆದು ಶುದ್ಧಿಗೊಳಿಸಬೇಕಾಗಿತ್ತು. ಲೋಹ ಉಷ್ಣವನ್ನು ಸುಲಭವಾಗಿ ಸಾಗಿಸುವುದರಿಂದ, ರೋಗಿಯ ಕಡೆಯ ಬಿಸಿ ತುದಿಗೂ ಹೊರಗಿನ ತಂಪು ತುದಿಗೂ ಇರಬೇಕಾದ ಅಂತರ ಕುಗ್ಗುತ್ತಿತ್ತು. ಮುಂದಿನ ದಶಕಗಳಲ್ಲಿ ಕಾಗದ, ಪ್ಲಾಸ್ಟಿಕ್ ನೊರೆ ಮುಂತಾದ ಹಗುರ ವಸ್ತುಗಳು ಬಂದವು. ಅವುಗಳಿಗೆ ಕ್ಯಾಲ್ಸಿಯಂ ಕ್ಲೋರೈಡ್ ಅಥವಾ ಲಿಥಿಯಂ ಕ್ಲೋರೈಡಿನಂಥ ತೇವ ಹೀರುವ ಲವಣಗಳನ್ನು ಲೇಪಿಸಿದಾಗ ಉಸಿರಿನ ಆವಿ ಇನ್ನಷ್ಟು ಉಳಿಯಿತು. ಇನ್ನೊಂದು ದಾರಿಯಲ್ಲಿ, ನೀರನ್ನು ಹಿಮ್ಮೆಟ್ಟಿಸುವ ತೆಳುಪೊರೆಯನ್ನು ಮಡಿಕೆ ಮಡಿಕೆಯಾಗಿ ಜೋಡಿಸಿ, ಅದೇ ರೋಗಾಣುಶೋಧಕವೂ ಆಗುವಂತೆ ಮಾಡಲಾಯಿತು. ಜೆಫ್ರೀಸನ ಧಾರೆಯೂ ಟಿಂಡಲ್ಲನ ಧಾರೆಯೂ ಹೀಗೆ ಒಂದೇ ಕರಡಿಗೆಯಲ್ಲಿ ಕೂಡಿಕೊಂಡವು.

ಈ ಸಂಗಮಕ್ಕೆ ಒಂದು ದುರ್ಘಟನೆ ವೇಗ ಕೊಟ್ಟಿತು. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಒಂದೇ ಸರದಿಯಲ್ಲಿ ಶಸ್ತ್ರಕ್ರಿಯೆಗೊಳಗಾದವರಲ್ಲಿ ಹೆಪಟೈಟಿಸ್ ಸಿ ಸೋಂಕು ಒಬ್ಬರಿಂದ ಇನ್ನೊಬ್ಬರಿಗೆ ಹರಡಿದ ಪ್ರಕರಣವನ್ನು 1994ರ ವರದಿಯೊಂದು ಪರಿಶೀಲಿಸಿತು. ಅರಿವಳಿಕೆ ಯಂತ್ರದ ಉಸಿರುಕೊಳವೆಗಳ ಮೂಲಕ ಹರಡಿರಬಹುದೆಂಬ ಸಂಶಯ ವ್ಯಕ್ತವಾಯಿತು. 1996ರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ಅರಿವಳಿಕೆ ತಜ್ಞರ ಸಂಘ, ಪ್ರತಿಯೊಬ್ಬ ರೋಗಿಗೂ ಹೊಸ ಶೋಧಕವನ್ನಾಗಲಿ ಹೊಸ ಕೊಳವೆಗಳನ್ನಾಗಲಿ ಬಳಸಬೇಕೆಂದು ಸಲಹೆ ಮಾಡಿತು. 2020ರ ಕೋವಿಡ್ ಪಿಡುಗಿನಲ್ಲಿ ಯಂತ್ರವನ್ನೂ ಸುತ್ತಲಿನ ವೈದ್ಯರನ್ನೂ ದಾದಿಯರನ್ನೂ ಸೋಂಕಿನಿಂದ ಕಾಯಲು ಇವೇ ಶೋಧಕಗಳು ಬಳಕೆಯಾದವು.

ಮತ್ತೊಂದು ವರ್ಗದ ರೋಗಿಗಳನ್ನೂ ಇಲ್ಲಿ ಸ್ಮರಿಸಬೇಕು. 1873ರ ಕೊನೆಯ ದಿನ ವಿಯೆನ್ನಾದಲ್ಲಿ ಥಿಯೊಡೋರ್ ಬಿಲ್‌ರೋತ್ ಕ್ಯಾನ್ಸರ್ ಪೀಡಿತನೊಬ್ಬನ ಧ್ವನಿಪೆಟ್ಟಿಗೆಯನ್ನು ಸಂಪೂರ್ಣವಾಗಿ ತೆಗೆದನು. ಅಂಥ ಶಸ್ತ್ರಕ್ರಿಯೆಗೆ ಒಳಗಾದವರು ಜೀವಮಾನವಿಡೀ ಕುತ್ತಿಗೆಯ ರಂಧ್ರದಿಂದಲೇ ಉಸಿರಾಡಬೇಕು. ಇವರಿಗಾಗಿ ರಂಧ್ರದ ಮೇಲೆ ಅಂಟಿಸಿಕೊಳ್ಳುವ ಪುಟ್ಟ ವಿನಿಮಯಕಗಳು ಇತ್ತೀಚಿನ ದಶಕಗಳಲ್ಲಿ ಬಂದಿವೆ. ಕೆಮ್ಮನ್ನೂ ಕಫವನ್ನೂ ಅವು ತಗ್ಗಿಸುತ್ತವೆ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಕುತ್ತಿಗೆಯ ರಂಧ್ರದ ಮೇಲೆ ಒದ್ದೆ ಮಾಡಿದ ಗಾಜ್ ಬಟ್ಟೆಯನ್ನು ಹೊದಿಸುವ ಪದ್ಧತಿ ಈಗಲೂ ಉಂಟು. ಬೆಲೆಬಾಳುವ ಸಾಧನ ಇಲ್ಲದೆಡೆಯಲ್ಲಿ ಟ್ರೂಸೊವಿನ ಅರಿವೆಯ ಪಟ್ಟಿಯ ಕೆಲಸವನ್ನು ಆ ಬಟ್ಟೆಯ ತುಂಡು ಮಾಡುತ್ತಿದೆ.

ಅಂತರರಾಷ್ಟ್ರೀಯ ಮಾನಕ 9360 ಮೊದಲ ಬಾರಿಗೆ 1992ರಲ್ಲಿ ಪ್ರಕಟವಾದಾಗ, ಇಂಥ ಸಾಧನಗಳ ಯೋಗ್ಯತೆಯನ್ನು ಅಳೆಯಲು ಒಂದು ನಿಶ್ಚಿತ ಕ್ರಮ ದೊರೆಯಿತು. ಪ್ರತಿ ಲೀಟರ್ ಉಸಿರಿಗೆ ಎಷ್ಟು ಮಿಲಿಗ್ರಾಂ ನೀರು ನಷ್ಟವಾಗುತ್ತದೆಂಬುದೇ ಅದರ ಅಳತೆಗೋಲು. ಲೀಟರಿಗೆ 7 ಮಿಲಿಗ್ರಾಂ ಮಾತ್ರ ನಷ್ಟವಾಗುವ ಸಾಧನವಿದ್ದರೆ, ಹಿಂದೆ ಹೇಳಿದ 340 ಗ್ರಾಂ ನಷ್ಟ ಸುಮಾರು 70 ಗ್ರಾಮಿಗೆ ಇಳಿಯುತ್ತದೆ. ಆದಾಗ್ಯೂ ಇದು ಸರ್ವರಿಗೂ ಒಪ್ಪುವ ಸಾಧನವೆಂದು ಭಾವಿಸಬಾರದು. ಕಫ ದಪ್ಪವಾಗಿಯೂ ವಿಪುಲವಾಗಿಯೂ ಇರುವವರಲ್ಲಿ ಅದು ಮುಚ್ಚಿಕೊಳ್ಳಬಹುದು. ದೇಹದ ಉಷ್ಣತೆ ಬಹಳ ಕುಸಿದವರಲ್ಲಿ ಹಿಡಿದಿಡಲು ಶಾಖವೇ ಸಾಲದು. ಹಸುಳೆಗಳ ಪುಟ್ಟ ಉಸಿರಿಗೆ ಸಾಧನದೊಳಗಿನ ಅವಕಾಶವೇ ಹೊರೆಯಾಗುತ್ತದೆ. ಅಂಥವರಿಗೆ ಬಿಸಿನೀರಿನ ಯಂತ್ರವೇ ಇಂದಿಗೂ ಆಧಾರ.

6. ಉಪಸಂಹಾರ

ಈ ಚರಿತ್ರೆಯಿಂದ ವಿಜ್ಞಾನದ ವಿದ್ಯಾರ್ಥಿಗಳು ಗ್ರಹಿಸಬೇಕಾದುದು ಇಷ್ಟು. ಒಂದು ಸಾಧನ ವಾಸ್ತವವಾಗಿ ಏನು ಮಾಡುತ್ತದೆ, ಅದರಿಂದ ಏನಾಗುತ್ತದೆಂದು ಜನ ನಿರೀಕ್ಷಿಸುತ್ತಾರೆ ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಬೇಕು. ಜೆಫ್ರೀಸನ ತಂತಿಗಳು ಉಸಿರನ್ನು ಬೆಚ್ಚಗೆ ಮಾಡಿದವು, ತೇವಗೊಳಿಸಿದವು, ಕ್ಷಯವನ್ನು ಗುಣಪಡಿಸಲಿಲ್ಲ. ಎರಡನೆಯ ಮಾತು ಸುಳ್ಳಾದಾಗ ಮೊದಲನೆಯ ಮಾತಿನ ಸತ್ಯವನ್ನು ಕಾಪಾಡಿಕೊಳ್ಳುವವರು ಇರಲಿಲ್ಲ. ಅದರಿಂದ ಆದ ನಷ್ಟವನ್ನು ಅನುಭವಿಸಿದವರು ಟ್ರೂಸೊವಿನ ಕಾಲದಿಂದ 1950ರ ದಶಕದವರೆಗೆ ಕಂಠದ ನಳಿಕೆಯಲ್ಲಿ ಲೋಳೆ ಒಣಗಿ ಉಸಿರುಕಟ್ಟಿದ ರೋಗಿಗಳು. ಅವರಿಗೆ ಬೇಕಾಗಿದ್ದ ಉಪಾಯ ಪೇಟೆಂಟಿನ ಕಡತಗಳಲ್ಲಿಯೂ ಅಂಗಡಿಗಳ ಕಪಾಟುಗಳಲ್ಲಿಯೂ ಇತ್ತು.

ಬಿಟ್ಟುಹೋದ ಸಿದ್ಧಾಂತಗಳ ಜೊತೆಯಲ್ಲಿ ಹೂತುಹೋದ ಉಪಕರಣಗಳು ಇನ್ನೂ ಎಷ್ಟೋ ಇರಬಹುದು. ಹಳೆಯ ಪೇಟೆಂಟುಗಳನ್ನೂ ವೈದ್ಯರ ಉಪನ್ಯಾಸಗಳನ್ನೂ ಈ ದೃಷ್ಟಿಯಿಂದ ಮತ್ತೆ ಓದುವ ಕೆಲಸವನ್ನು ನಮ್ಮ ಕಾಲೇಜುಗಳ ಇತಿಹಾಸ ಮತ್ತು ವಿಜ್ಞಾನ ವಿಭಾಗಗಳು ಒಟ್ಟಾಗಿ ಕೈಗೊಂಡರೆ, ಅದು ಎರಡು ಶಾಸ್ತ್ರಗಳಿಗೂ ಉಪಯುಕ್ತವಾಗುವುದರಲ್ಲಿ ಸಂದೇಹವಿಲ್ಲ.